ಎರಡನೇ ಸಲ ಸುರಿಯದ ನೀರು

“ಅಂದ್ರೆ ನನ್ನ ಮಗು ಉಳಿಯಲ್ಲ ಅಂತ ನೀವು ಆವತ್ತೇ ಕೈತೊಳ್ಕೊಂಡುಬಿಟ್ಟಿದ್ರಿ. ಹೌದಾ ಅತ್ತಿಗೆ?”

ನರ್ಸಕ್ಕನ ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಭಾನುವಾರ ಚರ್ಚಿನಲ್ಲಿ ಮಗುವಿಗಾಗುವ ದೀಕ್ಷಾಸ್ನಾನಕ್ಕೆಂದು ಹೊಲಿದ ಬಿಳಿ ಅಂಗಿ ಅರ್ಧ ಇಸ್ತ್ರಿಯಾಗಿ, ಒಂದು ತೋಳು ಮುದುಡಿಕೊಂಡೇ ಬಿದ್ದಿತ್ತು.

“ಕೈತೊಳ್ಕೊಂಡಿದ್ರೆ ನೀರು ಯಾಕೆ ಸುರೀತಿದ್ದೆ?” ಎಂದಳು ನರ್ಸಕ್ಕ. “ಉಸಿರು ನಿಂತು ನಿಂತು ಬರ್ತಿತ್ತು. ಡಾಕ್ಟರು ಆಸೆಯೇ ಬಿಟ್ಟಿದ್ರು. ಔಷಧಿ ಚಮಚದಲ್ಲಿ ನೀರು ತಗೊಂಡೆ, ತಲೆ ಮೇಲೆ ಸುರಿದೆ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಅಂದೆ. ಅಷ್ಟೇ.”

“ನನ್ನನ್ನ ಕೇಳಬೇಕಿತ್ತು.”

“ಹೊಲಿಗೆ ಹಾಕಿ ಮಲಗಿಸಿದ್ರು ನಿನ್ನ. ಏನಂತ ಕೇಳ್ಲಿ? ನಿನ್ನ ಮಗು ಹೋಗ್ತಾ ಇದೆ, ಸುರೀಲಾ ಬೇಡ್ವಾ ಅಂತಲಾ?”

ಈ ಮಾತು ಹೊರಗೆ ಬೀಳದೇ ಇರಬಹುದಿತ್ತು. ಹಸುಗೂಸುಗಳ ವಾರ್ಡಿನಲ್ಲಿ ಆ ಬೆಳಿಗ್ಗೆ ನರ್ಸಕ್ಕ ಒಬ್ಬಳೇ ಇದ್ದಳು. ಮಗು ಉಳಿಯಿತು, ಕೆನ್ನೆ ತುಂಬಿಕೊಂಡಿತು, ಕಂಡವರ ಮೂಗಿಗೆ ಕೈ ಹಾಕುವಷ್ಟು ಚೂಟಿಯಾಯಿತು. ಅದನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ಗುಡಿಯೊಳಗೆ ನಿಲ್ಲಬೇಕಾದವಳು ಅವಳೇ. ಮದುವೆಯಿಲ್ಲ, ಮಕ್ಕಳಿಲ್ಲ. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿದ್ದೇ ಅವಳ ಸಂಸಾರ. ಅವನ ಮಗುವಿಗೆ ದೇವರ ಮುಂದೆ ತಾಯಿಯಾಗುವುದೆಂದರೆ ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅದು ಅವಳದೇ ಆಗುತ್ತಿತ್ತು.

ಆದರೆ ಈವತ್ತು ಗಂಡಹೆಂಡಿರು ಚರ್ಚಿನ ಗುರುಗಳ ಹತ್ತಿರ ದೀಕ್ಷಾಸ್ನಾನದ ಪಾಠ ಕೇಳಿಕೊಂಡು ಬಂದಿದ್ದರು. ಊಟಕ್ಕೆ ಕೂತಾಗ ತಮ್ಮ, ಗುರುಗಳ ದನಿಯನ್ನೇ ಅನುಕರಿಸಿ ಹೇಳಿದ: “ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ನೀರು ಸುರಿದರೂ ಅದು ದೀಕ್ಷಾಸ್ನಾನವೇ. ಒಂದು ಸಲ ಆದದ್ದು ಆಯಿತು, ಎರಡನೇ ಸಲ ಇಲ್ಲ. ಮೊದಲೇ ಆಗಿದೆಯೇ ಎಂದು ಬಾಗಿಲಲ್ಲೇ ಕೇಳುತ್ತೇನೆ.” ನರ್ಸಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಗುವನ್ನು ಎತ್ತಿಕೊಂಡು, ಗುರುಗಳ ಮುಖ ನೋಡಿಕೊಂಡು, ಇಲ್ಲ ಅನ್ನುವುದು ಅವಳಿಂದ ಆಗದು. ತೊಳೆದಿಟ್ಟ ತಟ್ಟೆಯನ್ನು ಮತ್ತೆ ತೊಳೆದ ಹಾಗಲ್ಲ ಇದು. ಆವತ್ತಿನದನ್ನು ಅಲ್ಲೇ ಹೇಳಿಬಿಟ್ಟಳು.

ತಮ್ಮ ಗೋಡೆಗೊರಗಿ ಕೂತಿದ್ದ. ಬೇಕರಿಯಿಂದ ಬಂದವನ ಮೊಣಕೈಯಲ್ಲಿ ಇನ್ನೂ ಹಿಟ್ಟಿತ್ತು. ಮಗು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ಈಗೇನಾಯ್ತು?” ಎಂದ. “ಎಣ್ಣೆ, ಬಿಳಿಬಟ್ಟೆ, ಮೇಣದಬತ್ತಿ ಎಲ್ಲಾ ಭಾನುವಾರ ಇದ್ದೇ ಇದೆ. ನೀರೊಂದಿಲ್ಲ. ನನಗೂ ಮನೆಯಲ್ಲೇ ಲೋಟದಲ್ಲಿ ಆಗಿತ್ತು. ನಾನೇನು ಅರ್ಧ ಬೆಂದಿದ್ದೀನಾ?”

“ನೀವು ಸುಮ್ನಿರಿ. ನಿಮ್ಮನೆಯೋರ ಕೈಗೆ ಒಂದು ಪಾತ್ರೆ ಸಿಕ್ಕಿದ್ರೆ ಸಾಕು, ಯಾರ ತಲೆ ಮೇಲಾದ್ರೂ ಸುರಿದುಬಿಡ್ತೀರಿ.”

ಬೇರೆ ದಿನವಾಗಿದ್ದರೆ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ನರ್ಸಕ್ಕನ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಆ ಲೋಟ ಅಲ್ಲೇ ಇತ್ತು, ಅಂಚು ನೆಗ್ಗಿ, ಚಮಚಗಳನ್ನು ತುಂಬಿಕೊಂಡು.

ತಮ್ಮ ಹುಟ್ಟಿದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಒಳಕೋಣೆಯಲ್ಲಿ ಸೂಲಗಿತ್ತಿ ಮಗುವಿನ ಬೆನ್ನು ತಟ್ಟುತ್ತಿದ್ದಳು. ಮಗು ನೀಲಿಗಟ್ಟಿ ಸುಮ್ಮನಿತ್ತು. “ನೀರು” ಎಂದಳು ಅಮ್ಮ, ಉಸಿರಿನಷ್ಟು ಸಣ್ಣ ದನಿಯಲ್ಲಿ. ಅಮ್ಮನಿಗೆ ಬಾಯಾರಿದೆಯೆಂದುಕೊಂಡು ಹುಡುಗಿ ಲೋಟ ತುಂಬಿ ತಂದಳು. ಅಮ್ಮ ಕುಡಿಯಲಿಲ್ಲ. ಮಲಗಿದಲ್ಲಿಂದಲೇ ಮಗುವಿನ ತಲೆಯ ಮೇಲೆ ಸುರಿದಳು. ಅರ್ಧ ನೀರು ಚಾಪೆಗೇ ಹೋಯಿತು. ಮಗು ಒಮ್ಮೆ ಸೀನಿತು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹಾಕಿತು. “ನೋಡಿದ್ಯಾ, ಎಬ್ಬಿಸಿದ್ದಕ್ಕೆ ಜಗಳಕ್ಕೇ ಬಂದ” ಎಂದು ಅಮ್ಮ ಅಳುತ್ತಾ ನಕ್ಕಳು.

ಆಮೇಲೆ ಗುಡಿಯಲ್ಲಿ ಉಳಿದದ್ದನ್ನು ಮುಗಿಸಿದಾಗ ಮೇಣದಬತ್ತಿಯನ್ನು ಅವಳ ಕೈಯಲ್ಲೂ ಒಂದು ಗಳಿಗೆ ಹಿಡಿಸಿದ್ದರು. ಬಿಸಿ ಮೇಣ ಹೆಬ್ಬೆರಳಿಗೆ ಬಿದ್ದರೂ ಅವಳು ಅಲುಗಿರಲಿಲ್ಲ. ಅಮ್ಮ ಇರುವ ತನಕ ಆ ಲೋಟದಲ್ಲಿ ಯಾರೂ ನೀರು ಕುಡಿಯುವ ಹಾಗಿರಲಿಲ್ಲ. ಒಮ್ಮೆ ಕುಡಿದು ಏಟು ತಿಂದ ತಮ್ಮನಿಗೆ ಬೀದಿಯ ಹುಡುಗರು “ಲೋಟ” ಎಂದೇ ಹೆಸರಿಟ್ಟರು. ವರ್ಷವರ್ಷವೂ ಅವನು ಹುಟ್ಟಿದ ದಿನ ಅಮ್ಮ ಆ ಕತೆ ಹೇಳಬೇಕು, ಇವಳು ನಡುನಡುವೆ “ಲೋಟ ತಂದಿದ್ದು ನಾನು” ಅನ್ನಬೇಕು. ಆ ಮನೆಯ ದೊಡ್ಡ ಸುಖವೆಂದರೆ ಅದೇ.

“ಅಮ್ಮನೂ ಇದನ್ನೇ ಮಾಡಿದ್ಲು” ಎಂದಳು ನರ್ಸಕ್ಕ.

“ಹೌದು. ಅಮ್ಮ ಮಾಡಿದ್ರು.” ತಮ್ಮನ ಹೆಂಡತಿಯ ದನಿ ಇಳಿದಿತ್ತು. ಅದು ಕೂಗಿಗಿಂತ ಕೆಟ್ಟದಾಗಿತ್ತು. “ಹೆತ್ತೋಳು ತನ್ನ ಕೈಯಾರೆ ಸುರಿದ್ಲು. ನಾನು ಪಕ್ಕದ ಕೋಣೇಲೇ ಇದ್ದೆ ಅತ್ತಿಗೆ. ಬಾಗಿಲು ದಾಟಿದ್ರೆ ನಾನು. ನೀವು ಬಂದು ನನ್ನ ಕೈ ಹಿಡ್ಕೊಂಡು, ಏನೂ ಆಗಲ್ಲ, ಗಟ್ಟಿಪಿಂಡ ಅಂದ್ರಿ. ದಿನಾ ಆ ಒಂದು ಮಾತು ಹಿಡ್ಕೊಂಡೇ ಬದುಕಿದ್ದೆ. ಚಮಚ ಆಗ ನಿಮ್ಮ ಜೇಬಲ್ಲಿತ್ತಾ?”

ಚಮಚ ನಿಜವಾಗಿಯೂ ಜೇಬಿನಲ್ಲಿತ್ತು. ತಪ್ಪಾಯಿತಮ್ಮ ಅಂದಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ನರ್ಸಕ್ಕನ ಕೋಪ ಯಾವಾಗಲೂ ಅವಳಿಗಿಂತ ಎರಡು ಹೆಜ್ಜೆ ಮುಂದೆ.

“ಕೇಳಿದ್ರೂ ಸುರೀತಿದ್ದೆ. ನೀನು ಬೇಡ ಅಂದಿದ್ರೂ ಸುರೀತಿದ್ದೆ.”

“ಹಾಗಾದ್ರೆ ಭಾನುವಾರ ನೀವು ಮಗು ಎತ್ಕೊಳ್ಳೋದು ಬೇಡ. ನೀವು ಅಲ್ಲಿ ನಿಂತ್ರೆ ನನಗೆ ಆ ಕೋಣೆಯೇ ಕಾಣುತ್ತೆ. ನನ್ನ ಅಕ್ಕನ್ನ ಕರೀತೀನಿ.”

ನರ್ಸಕ್ಕ ತಮ್ಮನ ಕಡೆ ತಿರುಗಿದಳು. ಅವನು ಒಂದು ಮಾತು ಆಡಿದರೆ ಸಾಕಿತ್ತು, ಯಾರ ಪರವಾದರೂ.

“ಅವಳೇನೋ ಸಿಟ್ಟಲ್ಲಿ... ನೀನೂ ಸ್ವಲ್ಪ... ನಾಳೆ ನೋಡೋಣ ಅಕ್ಕ.”

“ಚಿಕ್ಕಂದಿನಿಂದ ಇದೇ ಆಯ್ತು ನಿಂದು. ಅಡ್ಡಗೋಡೆ ಮೇಲೆ ದೀಪ.”

ಅವಳು ಮೇಜಿನ ಹತ್ತಿರ ಹೋಗಿ ಮುದುಡಿದ ತೋಳನ್ನು ಬಿಡಿಸಿ, ಅಂಚಿನ ಗೆರೆ ತಪ್ಪದ ಹಾಗೆ ಇಸ್ತ್ರಿ ಹಾಕಿದಳು. ಸ್ವಿಚ್ ಆರಿಸಿದಳು. ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹರಡಿದಳು. ತಮ್ಮನ ಹೆಗಲ ಮೇಲಿನ ಆ ಪುಟ್ಟ ತಲೆಯನ್ನು, ತಾನು ನೀರು ಸುರಿದ ಜಾಗದಲ್ಲೇ, ಒಮ್ಮೆ ಮೂಸಿ ನೋಡಿದಳು. ಹಾಲಿನ ವಾಸನೆ, ಅದರ ಮೇಲೆ ಬ್ರೆಡ್ಡಿನದು.

“ಗುರುಗಳಿಗೆ ನಾನೇ ಹೇಳಿ ಹೋಗ್ತೀನಿ. ಬಾಗಿಲಲ್ಲಿ ನಿಮಗೆ ಪೇಚಾಟ ಬೇಡ.”

ಮೆಟ್ಟಿಲಿಳಿಯುವಾಗ ತಮ್ಮ ಮೇಲಿನಿಂದ ಕೂಗಿದ. “ಅಕ್ಕ, ಛತ್ರಿ ಬಿಟ್ಟಿದ್ದೀಯ.”

“ಇರಲಿ.”

ಗುರುಗಳಿಗೆ ಹೇಳಿದಳು. ಭಾನುವಾರದ ಡ್ಯೂಟಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು. ಛತ್ರಿಗಾದರೂ ಬರುತ್ತಾಳೆಂದು ತಮ್ಮ ಅದನ್ನು ಬಾಗಿಲ ಹಿಂದೆಯೇ ನೇತುಹಾಕಿದ್ದಾನೆಂದು ಬೇಕರಿಯ ಕಡೆಯಿಂದ ಬಂದವರು ಹೇಳುತ್ತಿದ್ದರು. ಮಳೆ ಶುರುವಾದಾಗ ನರ್ಸಕ್ಕ ಹೊಸದೊಂದು ಛತ್ರಿ ಕೊಂಡಳು.