ಬೆಕ್ಕು ಹೋಗುವವರೆಗೆ

"ಎಲ್ಲೇ ಸಾಯಿಸ್ದೆ ಮಕ್ಕಳನ್ನ, ದರಿದ್ರ ಮುಂಡೆ?"

ಯಜಮಾನಿ ಬೈದದ್ದು ಮೆಲ್ಲಗೆ, ಮಾಸ್ಕಿನೊಳಗೇ. ಪಕ್ಕದಲ್ಲಿ ಸರ್ಕಾರದ ಸಾಹೇಬ ನಿಂತಿದ್ದ. ಶಿಶುವಿಹಾರದ ಕೋಣೆ ಖಾಲಿಯಿತ್ತು. ಚಾಪೆಯ ಮೇಲೆ ಅರ್ಧ ತಿಂದ ಬಾಳೆಹಣ್ಣು, ಒಂಟಿ ಚಪ್ಪಲಿ, ಇನ್ನೂ ಉರುಳುತ್ತಿದ್ದ ಚೆಂಡು. ಉಚ್ಚೆಬಟ್ಟೆ ಹಿಂಡುತ್ತಿದ್ದ ಆಯಾ ಒದ್ದೆ ಕೈಯಲ್ಲೇ ಎದ್ದು ನಿಂತಳು.

"ನೀವೇ ಬಾಗಿಲು ಬಡಿದ್ರಲ್ಲಮ್ಮಾ," ಎಂದಳು.

ರೋಗ ಶುರುವಾದಾಗ ಶಿಶುವಿಹಾರಗಳನ್ನೆಲ್ಲ ಮುಚ್ಚಿ ಎಂದು ಹುಕುಂ ಬಂದಿತ್ತು. ಆಸ್ಪತ್ರೆ ಮುಚ್ಚುವಂತಿರಲಿಲ್ಲ. ನರ್ಸಮ್ಮ, ವಾರ್ಡು ಗುಡಿಸುವವಳು, ಆಂಬುಲೆನ್ಸ್ ಡ್ರೈವರ್ ತಮ್ಮ ಮಕ್ಕಳನ್ನು ಹಿಂಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರು. ಅವರ ಫೀಸು ಬಿಡಲು ಯಜಮಾನಿಗೆ ಮನಸ್ಸಿರಲಿಲ್ಲ. "ಯಾರಾದ್ರೂ ಬಾಗಿಲು ಬಡಿದ್ರೆ ಒಂದು ಪಿಳ್ಳೆನೂ ಕಾಣ್ಬಾರ್ದು" ಎಂದು ಆಯಾಗೆ ಹೇಳಿ, ತಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಆಯಾ ಅದನ್ನೊಂದು ಆಟ ಮಾಡಿದಳು. ಬಾಗಿಲು ಬಡಿದರೆ ಬೆಕ್ಕು ಬಂತು. ಇಲಿಮರಿಗಳೆಲ್ಲ ಹಿಂದಿನ ಉಗ್ರಾಣಕ್ಕೆ ಓಡಬೇಕು. ನರ್ಸಮ್ಮನ ಮಗಳು, ಅವರಲ್ಲಿ ದೊಡ್ಡವಳು, ಒಳಗಿನಿಂದ ಚಿಲಕ ಹಾಕಬೇಕು. ಬೆಕ್ಕು ಇದೆಯೇ ಎಂದು ಕೇಳಬೇಕಾದರೆ ಬಾಗಿಲನ್ನು ಉಗುರಿನಿಂದ ಕೆರೆಯಬೇಕು. ಆಯಾ ತಿರುಗಿ ಕೆರೆದರೆ ಇನ್ನೂ ಇದೆ ಎಂದರ್ಥ. "ಬೆಕ್ಕು ಹೋಯ್ತು" ಎಂದು ಅವಳ ದನಿಯಲ್ಲೇ ಕೇಳುವವರೆಗೆ ಉಸಿರೆತ್ತುವ ಹಾಗಿಲ್ಲ. ಯಾರು ಕರೆದರೂ, ಮಿಠಾಯಿ ಕೊಡುತ್ತೇನೆಂದರೂ.

ಕೆಲವು ತಿಂಗಳ ಹಿಂದೆ ಹುಕುಂ ತಿರುಗಿತ್ತು, ಆಟ ಮಾತ್ರ ನಿಂತಿರಲಿಲ್ಲ. ಆಸ್ಪತ್ರೆಯವರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರಗಳಿಗೆ ಸರ್ಕಾರವೇ ದುಡ್ಡು ಕೊಡುತ್ತದೆಯಂತೆ. ಅದು ಬಂದ ದಿನ ನಿನ್ನ ಸಂಬಳ ಎಂದು ಯಜಮಾನಿ ತಿಂಗಳಿಂದ ತಿಂಗಳಿಗೆ ಆಯಾಳ ಮೂಗಿಗೆ ತುಪ್ಪ ಸವರುತ್ತ ಬಂದಿದ್ದಳು. ಬಾಡಿಗೆ ಬರಲಿಲ್ಲವೆಂದು ಆಯಾಳ ಮನೆಯ ಮಾಲೀಕ ನಲ್ಲಿಗೆ ಬೀಗ ಹಾಕಿದ್ದ. ದಿನವೂ ಸಂಜೆ ಇಲ್ಲಿಂದಲೇ ಒಂದು ಕೊಡ ನೀರು ಹೊತ್ತುಕೊಂಡು ಹೋಗುತ್ತಿದ್ದಳು, ಕದ್ದವಳ ಹಾಗೆ. ಇವತ್ತು ಸಾಹೇಬ ಬರುವ ಸುದ್ದಿಯನ್ನು ಅವಳಿಗೆ ಹೇಳಬೇಕೆಂದು ಯಜಮಾನಿಗೆ ತೋಚಿರಲಿಲ್ಲ.

ಆಯಾಳ ಕಣ್ಣು ಹೋದ ಕಡೆ ನೋಡಿ ಯಜಮಾನಿ ಉಗ್ರಾಣದ ಬಾಗಿಲು ಬಡಿದಳು. "ಬನ್ನಿ ಪುಟ್ಟಾ, ಚಾಕಲೇಟ್ ಇದೆ." ಬಡಿದಷ್ಟೂ ಒಳಗಿನ ಮೌನ ಗಟ್ಟಿಯಾಯಿತು.

ಸಾಹೇಬ ಗಡಿಯಾರ ನೋಡಿದ. "ಕಣ್ಣಿಗೆ ಕಾಣದ ಮಕ್ಕಳಿಗೆ ಎರಡನೇ ಕಂತು ಬರೆಯಕ್ಕಾಗಲ್ಲ ಮೇಡಂ."

"ಇವಳು ಕರೀತಾಳೆ ಸಾರ್. ಕರಿಯೇ."

ಕರೆಯಲೆಂದೇ ಆಯಾ ಒಂದು ಹೆಜ್ಜೆ ಮುಂದೆ ಬಂದಳು. ಸಾಹೇಬ ಹಿಂದೆ ಸರಿದು, ಜೇಬಿನಿಂದ ಸ್ಯಾನಿಟೈಸರ್ ತೆಗೆದು, ಸೊಳ್ಳೆಗೆ ಹೊಡೆಯುವ ಹಾಗೆ ಅವಳ ಕಡೆಗೆ ಫುಸ್ಸೆಂದು ಹೊಡೆದ. ಸೋಪಿನ ನೀರಿನಲ್ಲಿ ನೆನೆದು ಬಿರಿದಿದ್ದ ಬೆರಳುಗಳು ಉರಿದವು.

"ಅಲ್ಲೇ ನಿಂತು ಮಾತಾಡು. ನಿಮ್ಮಂಥ ಜನಾನೇ ರೋಗ ಹಂಚೋದು."

"ಎರಡನೇ ಕಂತು ಅಂದ್ರಲ್ಲ ಸ್ವಾಮಿ. ಮೊದಲನೇದು?"

"ಅದು ಬಂದು ಎಷ್ಟು ಕಾಲ ಆಯ್ತು. ಆಯಾಗಳ ಸಂಬಳಕ್ಕೆ ಅಂತಲೇ ಕೊಟ್ಟಿದ್ದು. ತಿಂದು ತೇಗಿ, ಈಗ ಏನೂ ಗೊತ್ತಿಲ್ದಂಗೆ ಕೇಳ್ತೀಯಲ್ಲ."

ಆಯಾ ಯಜಮಾನಿಯ ಮುಖ ನೋಡಲಿಲ್ಲ. ಗೋಡೆ ನೋಡಿದಳು. ಹೋದ ತಿಂಗಳು ಬಳಿಸಿದ ಗಿಳಿಹಸಿರು ಬಣ್ಣ. ಅದರ ಮೇಲೆ ಮಕ್ಕಳು ಒರಸಿದ ಕೈ ಗುರುತುಗಳನ್ನು ದಿನವೂ ಉಜ್ಜುತ್ತಿದ್ದವಳು ಅವಳೇ. ಸಿಟ್ಟು ಬರಬೇಕಿತ್ತು. ಬಂದದ್ದು ನಿದ್ದೆಯಂಥ ಒಂದು ಆಯಾಸ. ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಏಯ್, ಏನೇ ಇದು ನಾಟಕ? ಕರಿಯೇ ಅಂದೆ."

"ಕಾಲು ನೋಯ್ತಿದೆ."

"ಲೇ ಹಲ್ಕಾ..." ಯಜಮಾನಿ ಸಾಹೇಬನನ್ನು ನೋಡಿ ಬೈಗುಳ ನುಂಗಿದಳು. ಬಾಗಿ ಆಯಾಳ ಕಿವಿಯ ಹತ್ತಿರ ಬಂದಳು. ರೋಗ ಬಂದಮೇಲೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. "ನಾಳೆ ಕೊಡ್ತೀನಿ ಕಣೇ. ಕೈ ಮುಗೀತೀನಿ, ಕರಿ."

"ಇವತ್ತು ಕೊಡಿ. ಇವರ ಎದುರಿಗೇ ಕೊಡಿ."

"ನಿನಗೆ ಅನ್ನ ಹಾಕಿದ ಜಾಗ ಇದು."

"ನೀವು ಯಾವಾಗ ಹಾಕಿದ್ರಿ ಅಮ್ಮಾ? ಮಕ್ಕಳು ಬಿಟ್ಟಿದ್ದು ತಿಂದೆ ನಾನು."

"ನಿಮ್ಮ ಜಗಳ ನೀವು ಬಗೆಹರಿಸ್ಕೊಳ್ಳಿ," ಸಾಹೇಬ ಗೊಣಗಿದ. "ಐದು ನಿಮಿಷ ನೋಡ್ತೀನಿ. ಆಮೇಲೆ ಬಾಗಿಲಿಗೆ ಬೀಗ ಬಿದ್ದಿತ್ತು ಅಂತ ಬರ್ಕೊಂಡು ಹೋಗ್ತೀನಿ."

ನಿಜವಾಗಿಯೂ ಬೀಗ ಬಿದ್ದರೆ ನಾಳೆಯಿಂದ ಈ ಮಕ್ಕಳೂ ಇಲ್ಲ, ಆ ಒಂದು ಕೊಡ ನೀರೂ ಇಲ್ಲ. ಆಯಾಗೆ ಅದು ಗೊತ್ತಿತ್ತು. ಬಾಯಿ ತೆರೆದರೆ ಎರಡೇ ಮಾತು. ಮಕ್ಕಳು ಹೋ ಎಂದು ನುಗ್ಗಿ ಬರುತ್ತಾರೆ, ಸಾಹೇಬ ತಲೆ ಎಣಿಸುತ್ತಾನೆ, ಗೋಡೆಗೆ ಇನ್ನೊಂದು ಬಣ್ಣ.

ಯಜಮಾನಿಯ ಬೆರಳು ಕೈಚೀಲದ ಜಿಪ್ಪಿನ ಮೇಲಿತ್ತು. ಎಳೆಯಲಿಲ್ಲ, ಬಿಡಲೂ ಇಲ್ಲ.

ಆಗ ಆಯಾಳ ಬೆನ್ನ ಹಿಂದೆ, ಬಾಗಿಲಿನ ಆಚೆ, ಸಣ್ಣದೊಂದು ಉಗುರು ಮರವನ್ನು ಕೆರೆಯಿತು.

ಆಯಾ ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ಒಯ್ದು, ಉರಿಯುವ ಬೆರಳಿನಿಂದ ಬಾಗಿಲನ್ನು ಒಮ್ಮೆ ಕೆರೆದಳು.