ಅಕ್ಕನಾಗಮ್ಮನ ಎಡಗಾಲು

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ನಂಬದವರು ಕುರುಗೋಡಿನಲ್ಲಿ ಯಾರಿದ್ದರು? ಅಕ್ಕನಾಗಮ್ಮ ಹಾಗೆ ಹುಟ್ಟಿದವಳು. ಸೋಮವಾರ ಬೆಳಗಾದರೆ ಊರ ದೊಡ್ಡ ಮನುಷ್ಯರೆಲ್ಲ ಅವಳ ಅಂಗಳದಲ್ಲಿ ಬೋರಲು ಬಿದ್ದಿರುತ್ತಿದ್ದರು. ಒದೆಯುವ ಆ ಎಡಗಾಲಿನ ಮೇಲೆ ಅವಳಿಗೂ ತುಸು ಜಂಬವೇ ಇತ್ತು.

ಐವತ್ತೊಂದನೇ ಇಸವಿಯಲ್ಲಿ, ಸಿರುಗುಪ್ಪಕ್ಕೆ ಕೊಟ್ಟಿದ್ದ ತಂಗಿ ಸುವರ್ಣಮ್ಮ ನಾಲ್ಕು ತಿಂಗಳ ಬೆನ್ನುನೋವು ಹೊತ್ತು ಬಂದಳು. ಸಂಜೆ ಸಂಜೆ ಬರುವ ಜ್ವರವನ್ನಾಗಲಿ, ಬೆನ್ನ ನಡುವೆ ಎದ್ದಿದ್ದ ಗುಬುಟನ್ನಾಗಲಿ ಅಕ್ಕ ವಿಚಾರಿಸಲಿಲ್ಲ. ಮೂರು ಸಲ ಒದ್ದಳು. ಮೂರನೆಯದಕ್ಕೆ ತಂಗಿ ಚೀರಿದಳು. ಮರುದಿನ ಅವಳ ಕಾಲುಗಳು ಏಳಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಚಿದಾನಂದಪ್ಪ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬೆನ್ನೆಲುಬಿಗೆ ಕ್ಷಯ ಹತ್ತೈತಿ. ಎರಡು ಮಣಿ ಕುಸಿದಾವು, ಸುತ್ತ ಕೀವು ತುಂಬೈತಿ. ಕಾಲಿನ ಶಕ್ತಿ ಯಾವಾಗ ಹೋತು?"

"ಎರಡು ತಿಂಗಳಾತ್ರಿ," ಎಂದುಬಿಟ್ಟಳು ಅಕ್ಕನಾಗಮ್ಮ. ಸುವರ್ಣಮ್ಮ ಅವಳ ಮುಖ ನೋಡಿದಳು, ಕತ್ತು ಗೋಡೆಯ ಕಡೆ ಹೊರಳಿಸಿದಳು.

"ಹಂಗಾರ ನರ ಸತ್ತಿರಬೇಕು. ಕೊಯ್ದು ಉಪಯೋಗಿಲ್ಲ. ಜೀವ ಉಳಿಸಬಹುದು, ಕಾಲು ಬರೋದಿಲ್ಲ," ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅಕ್ಕನಾಗಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ವರಾಂಡದ ಈ ತುದಿಯಿಂದ ಆ ತುದಿಗೆ ಹೋದಳು, ಬಂದಳು. ಊರಿಗೆ ತಿಳಿದರೆ ಮುಖ ಎಲ್ಲಿಡುವುದು? ಕಾಲಿಲ್ಲದ ತಂಗಿಯನ್ನಾದರೂ ಎಲ್ಲಿಡುವುದು? ಕಡೆಗೆ ಡಾಕ್ಟರ ಹಿಂದೆ ಓಡಿದಳು.

"ಸುಳ್ಳು ಹೇಳೀನ್ರಿ. ಐದು ದಿನದ ಹಿಂದ ನಾನ ಒದ್ದೀನಿ. ಅಲ್ಲೀತನಕ ಆಕಿ ನಡೀತಿದ್ಲು."

ಡಾಕ್ಟರು ಬೈದರು. ಚೆನ್ನಾಗಿಯೇ ಬೈದರು. ಬೈಯುತ್ತಲೇ ಸುವರ್ಣಮ್ಮನ ಅಂಗಾಲು ಗೀರಿ ನೋಡಿದರು. "ಐದು ದಿನ ಅಂದ್ರ ಆಸೆ ಐತಿ. ಇವತ್ತ ಕೀವು ತಗದು ನರದ ಒತ್ತು ಇಳಸ್ತೀನಿ."

ಕೀವು ತೆಗೆದರು. ಕುತ್ತಿಗೆಯಿಂದ ತೊಡೆಯವರೆಗೆ ಪ್ಲಾಸ್ಟರಿನ ದೋಣಿ ಮಾಡಿ, ಅಲುಗದಂತೆ ಅದರಲ್ಲಿ ಮಲಗಿಸಿದರು. ದಿನವೂ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದಿನ ಸೂಜಿ. ಅಕ್ಕನಾಗಮ್ಮ ಊರಿಗೆ ಹೋಗಲಿಲ್ಲ. ಗಳಿಗೆಗೊಮ್ಮೆ ತಂಗಿಯ ಕಾಲ್ಬೆರಳು ನೋಡುವಳು, ಅಲುಗದಿದ್ದರೆ ಮತ್ತೆ ವರಾಂಡ ಅಳೆಯುವಳು.

ಎರಡನೇ ತಿಂಗಳಲ್ಲಿ ಒಂದು ದಿನ ಪಾದ ಒರೆಸುತ್ತಿದ್ದಾಗ ಅಂಗೈಗೆ ಏನೋ ತಾಗಿತು. ಸುವರ್ಣಮ್ಮನ ಹೆಬ್ಬೆರಳು. ಮತ್ತೊಮ್ಮೆ ತಾಗಿತು.

"ನಿನ್ನ ಒದಿ ಮೂರು ಆಗ್ಯಾವಕ್ಕ," ಎಂದಳು ಸುವರ್ಣಮ್ಮ. "ನಂದು ಇದು ಎರಡನೇದು."

ಅಕ್ಕನಾಗಮ್ಮ ಆ ಕಾಲನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. "ಒದಿಯವ್ವ, ಇನ್ನೂ ಜೋರಾಗಿ ಒದಿ."