ಮೂಡಲ ಮುಚ್ಚಿಸಿದ ದನಿ

ನನ್ನಿವಾಳದ ಆಚೆಗಿನ ಹಟ್ಟಿಯಲ್ಲಿ ಹುಲ್ಲುಗಾವಲು ಎಲ್ಲರದೂ ಆಗಿದ್ದಾಗ, ಮೂಗಮ್ಮನ ಮಾವ ಜುಂಜಪ್ಪ ಹೇಳಿದ್ದೇ ಕಟ್ಟಳೆ. ದಿನಾ ಬೆಳಿಗ್ಗೆ ಬಂಡೆ ಹತ್ತಿ, ಕುರಿಯನ್ನು ಯಾವ ಕಡೆ ಮೇಯಲು ಬಿಡಬೇಕು, ಯಾವ ಕಡೆ ಮುಚ್ಚಿ ಹುಲ್ಲು ಬೆಳೆಸಬೇಕು ಎಂದು ಕೂಗುತ್ತಿದ್ದ. ಅವನು ಸತ್ತ ಮರುವರ್ಷ ಹುಲ್ಲುಗಾವಲು ಹಂಚಿಕೆಯಾಗಿ ಮನೆಗೊಂದು ಜಮೀನಿನ ಪಟ್ಟಾ ಬಂತು. ಪಟ್ಟಾ ನೋಡಿ ಬ್ಯಾಂಕಿನವರು ಸಾಲ ಕೊಟ್ಟರು. ಕೊಳವೆಬಾವಿಗಳಾದವು. ಈರುಳ್ಳಿ ಲಾರಿಗಟ್ಟಲೆ ಚಳ್ಳಕೆರೆಗೆ ಹೋಯಿತು, ಗುಡಿಸಲಿದ್ದಲ್ಲಿ ತಾರಸಿ ಮನೆಗಳೆದ್ದವು.

ಪಟ್ಟಾ ಬಂದ ನಾಲ್ಕನೆಯ ಬೇಸಿಗೆಯ ಒಂದು ಮಧ್ಯಾಹ್ನ ಕಳೆ ಕೀಳುತ್ತಿದ್ದ ಮೂಗಮ್ಮನಿಗೆ ಕೂಗು ಕೇಳಿಸಿತು.

“ಮೂಡಲ ಮುಚ್ರೀ... ಪಡುವಲ ಬಿಡ್ರೀ...”

ಮಾವನ ದನಿ. ಬಂಡೆಯ ಮೇಲೆ ಯಾರೂ ಇರಲಿಲ್ಲ. ಅವಳು ಉಳಿಸಿಕೊಂಡಿದ್ದ ಎರಡು ಕುರಿಗಳು ಮೇಯುವುದು ಬಿಟ್ಟು ಪಡುವಲಿಗೆ ತಿರುಗಿ ನಿಂತಿದ್ದವು.

ಮೂಡಲ ಹೊಲದಲ್ಲಿ ನೀರು ಹಾಯಿಸುತ್ತಿದ್ದ ಮೈದುನ ಶಿವಣ್ಣನ ಬಳಿಗೆ ಓಡಿದಳು. “ಏನಾದ್ರೂ ಕೇಳಿಸ್ತೇನಪ್ಪ?”

“ಮೂರು ದಿನದಿಂದ ಕೇಳ್ತೈತೆ ಅತ್ತಿಗೆ. ಪಟ್ಟಾ ನನ್ನ ಹೆಸರಲ್ಲೈತೆ. ಸತ್ತೋರ ಮಾತಿಗೆ ಮೋಟರ್ ಆರಿಸ್ಲಾ?”

ಸಂಜೆಯ ಹೊತ್ತಿಗೆ ಅವನ ಪೈಪಿನಲ್ಲಿ ನೀರು ನಿಂತು, ಯಾರೋ ಉಸಿರೆಳೆದುಕೊಂಡಂತೆ ಸದ್ದಾಗತೊಡಗಿತು. ಮೋಟರ್ ಆರಿಸಿದ ಮೇಲೂ ಆ ಸದ್ದು ನಿಲ್ಲಲಿಲ್ಲ.

ಮರುದಿನ ಮೂಡಲ ಕಡೆಯ ಯಾರೂ ಮೋಟರ್ ಹಾಕಲಿಲ್ಲ. ಪಡುವಲದವರು ಪೈಪು ಎಳೆದು ಅವರ ಬೆಳೆಗೂ ನೀರು ಕೊಟ್ಟರು. ಎಂಟು ದಿನಕ್ಕೆ ಕೂಗು ಬದಲಾಯಿತು, ಪಡುವಲ ಮುಚ್ಚಿತು. ಅಷ್ಟರಲ್ಲಿ ಮೂಡಲದ ಬಾವಿಗಳಲ್ಲಿ ನೀರು ಏರಿತ್ತು. ಅಂದಿನಿಂದ ಕೂಗಿದಂತೆ ಸರದಿ ನಡೆಯಿತು.

ಮಳೆಗಾಲಕ್ಕೆ ಮುಂಚೆ ಬ್ಯಾಂಕಿನ ಅಧಿಕಾರಿ ಶಿವರಂಜನಿ ಬಂದಳು. “ಸುತ್ತಲೂ ಬಾವಿ ಬತ್ತಿವೆ, ನಿಮ್ಮಲ್ಲಿ ಮಾತ್ರ ಬೆಳೆ ಐತೆ. ಸರದಿ ಮೇಲೆ ನೀರು ಬಿಡ್ತೀರಂತೆ. ಸಂಘ ಅಂತ ನೋಂದಣಿ ಮಾಡಿಸ್ರಿ, ಸಾಲಕ್ಕೆ ಅನುಕೂಲ ಆಗ್ತೈತೆ. ಅಧ್ಯಕ್ಷರು ಯಾರು?”

ಆಗ ಬಂಡೆಯ ಕಡೆಯಿಂದ ಕೂಗು ಎದ್ದಿತು. ಶಿವರಂಜನಿ ತಿರುಗಿ ನೋಡಿದಳು.

“ಯಾರದು ಕೂಗ್ತಿರೋದು?”

ಮೂಗಮ್ಮ ಮುಂದೆ ಬಂದಳು. ಅಧ್ಯಕ್ಷರ ಜಾಗ ಖಾಲಿ ಬಿಟ್ಟರೆ ಅಲ್ಲಿ ಸತ್ತ ಮಾವನ ಹೆಸರೇ ಕೂರುತ್ತದೋ ಏನೋ! “ನನ್ನ ಹೆಸರು ಬರ್ಕೊಳ್ರಮ್ಮ,” ಎಂದಳು. ಅವಳು ರುಜು ಹಾಕುತ್ತಿದ್ದಂತೆ ಕೂಗು ಅರ್ಧಕ್ಕೇ ನಿಂತುಹೋಯಿತು.

ಇನ್ನು ಸರದಿ ಹೇಳಬೇಕಾದವಳು ಅವಳೇ. ಸಂಜೆ ಹಗ್ಗಕ್ಕೆ ಕಲ್ಲು ಕಟ್ಟಿ ಒಂದೊಂದೇ ಬಾವಿಯ ನೀರಿನ ಆಳ ನೋಡಿದಳು. ಶಿವಣ್ಣನ ಬಾವಿಯಲ್ಲಿ ಹಗ್ಗವನ್ನು ಕೆಳಗಿನಿಂದ ಯಾರೋ ಮೆಲ್ಲಗೆ ಎರಡು ಸಲ ಜಗ್ಗಿದರು. ಮೂಗಮ್ಮ ಹಗ್ಗ ಬಿಡಲಿಲ್ಲ. ಅದನ್ನು ಮೇಲೆಳೆದು, ಒದ್ದೆ ಶುರುವಾದ ಕಡೆ ಗುರುತಿಗೆ ಗಂಟು ಹಾಕಿಕೊಂಡು ಮುಂದಿನ ಬಾವಿಗೆ ನಡೆದಳು.